ಬಿಡದೆ ಹಿಡಿದ ಮೆಮೊರಿ: ಪೈಥಾನ್ ಲಾಗಿಂಗ್ ಲೈಬ್ರರಿಯಲ್ಲಿ ಸೋರಿಕೆಯ ಪರೀಕ್ಷೆ

ಪ್ರೋಗ್ರಾಮಿನ ಎಲ್ಲ ಮೂಲೆಗಳಿಂದಲೂ ಕರೆ ಬರುವ, ಪ್ರೋಗ್ರಾಮು ಮುಗಿಯುವವರೆಗೂ ಜೀವಂತವಾಗಿರುವ ಭಾಗವೆಂದರೆ ಲಾಗಿಂಗ್ ಲೈಬ್ರರಿ. ಒಂದು ಕರೆಗೆ 100 ಬೈಟ್ ಉಳಿದುಕೊಂಡರೂ 1 ಕೋಟಿ ಕರೆಗಳಲ್ಲಿ ಅದು 1 ಗಿಗಾಬೈಟ್ ಆಗುತ್ತದೆ. ಆದರೂ ಲಾಗಿಂಗ್ ಪರೀಕ್ಷೆಗಳು ಸಾಮಾನ್ಯವಾಗಿ ನೋಡುವುದು ಸಾಲು ಸರಿಯಾಗಿ ಮೂಡಿತೇ ಎಂಬುದನ್ನು ಮಾತ್ರ. ಬರೆದಾದ ಮೇಲೆ ಏನು ಉಳಿಯಿತು ಎಂದು ಕೇಳುವವರು ಕಡಿಮೆ. ಇಲ್ಲಿನ ವಾದ ಇಷ್ಟು: ಲಾಗಿಂಗ್‌ನಲ್ಲಿ ಮೆಮೊರಿ ಬಹುಮಟ್ಟಿಗೆ ಕಳೆದುಹೋಗುವುದಿಲ್ಲ, ಯಾವುದೋ ವಸ್ತು ಅದನ್ನು ಹಿಡಿದುಕೊಂಡಿರುತ್ತದೆ. ಪರೀಕ್ಷೆ ಆ ಹಿಡಿತವನ್ನು ಹುಡುಕಬೇಕು.

ವಾಲ್‌ಗ್ರಿಂಡ್‌ನಂಥ ಸಾಧನಗಳು ಪಾಯಿಂಟರ್ ತಪ್ಪಿದ ಮೆಮೊರಿಯನ್ನು ಚೆನ್ನಾಗಿ ಪತ್ತೆಮಾಡುತ್ತವೆ. ಪಾಯಿಂಟರ್ ಇನ್ನೂ ಇರುವ ಮೆಮೊರಿಯನ್ನು ಅವು ಬೇರೆ ವರ್ಗದಲ್ಲಿ ತೋರಿಸುತ್ತವೆ. ನಮಗೆ ಬೇಕಾದದ್ದು ಆ ಎರಡನೆಯ ವರ್ಗ.

ಪೈಥಾನ್‌ನ ಲಾಗಿಂಗ್ ಮಾಡ್ಯೂಲ್ 2003ರಲ್ಲಿ, 2.3ನೇ ಆವೃತ್ತಿಯ ಜೊತೆ ಬಂತು. ಅದರಲ್ಲಿ ಒಂದು ಹೆಸರಿಗೆ ಒಂದೇ ಲಾಗರ್. ಒಮ್ಮೆ ಹುಟ್ಟಿದ ಲಾಗರ್ ಮ್ಯಾನೇಜರ್‌ನ ಡಿಕ್ಷನರಿಯಲ್ಲಿ ಸೇರಿ ಪ್ರೋಗ್ರಾಮು ಮುಗಿಯುವತನಕ ಅಲ್ಲೇ ಇರುತ್ತದೆ. ಹೆಸರುಗಳು ಮಾಡ್ಯೂಲ್‌ಗಳಷ್ಟೇ ಇದ್ದರೆ ಇದರಿಂದ ತೊಂದರೆಯಿಲ್ಲ. ಪ್ರತಿ ನೆಟ್‌ವರ್ಕ್ ಸಂಪರ್ಕಕ್ಕೂ ಅದರ ಸಂಖ್ಯೆ ಸೇರಿಸಿ ಹೊಸ ಹೆಸರು ಕೊಟ್ಟರೆ ಮಾತ್ರ ಡಿಕ್ಷನರಿ ಬೆಳೆಯುತ್ತಲೇ ಹೋಗುತ್ತದೆ. ಪೈಥಾನ್‌ನ ದಸ್ತಾವೇಜುಗಳೇ ಈ ಪದ್ಧತಿ ಬೇಡವೆಂದು ಎಚ್ಚರಿಸಿ, ಲಾಗರ್‌ಅಡಾಪ್ಟರ್ ಬಳಸಲು ಹೇಳುತ್ತವೆ.

ಇದಕ್ಕಿಂತ ಸೂಕ್ಷ್ಮವಾದದ್ದು, ಲಾಗ್ ದಾಖಲೆಗಳನ್ನು ಬಫರ್‌ನಲ್ಲಿ ಕೂಡಿಟ್ಟು ಟಾರ್ಗೆಟ್ ಎಂಬ ಇನ್ನೊಂದು ಹ್ಯಾಂಡ್ಲರ್‌ಗೆ ಒಟ್ಟಿಗೆ ದಾಟಿಸುವ ಮೆಮೊರಿಹ್ಯಾಂಡ್ಲರ್‌ನ ವರ್ತನೆ. ಅದಕ್ಕೆ ಸಾಮರ್ಥ್ಯವೆಂದು 100 ಕೊಟ್ಟರೆ ಬಫರ್ 100 ದಾಖಲೆಗಳನ್ನು ಮೀರದು ಎಂದು ಓದುವವರು ನಂಬುತ್ತಾರೆ. ಆದರೆ ಮೂಲಕೋಡ್‌ನಲ್ಲಿ ಬಫರ್ ಖಾಲಿಯಾಗುವುದು ಟಾರ್ಗೆಟ್ ಹ್ಯಾಂಡ್ಲರ್ ಇದ್ದಾಗ ಮಾತ್ರ. ಟಾರ್ಗೆಟ್ ಕೊಡಲು ಮರೆತರೆ 101ನೆಯ ದಾಖಲೆಯೂ ಸೇರುತ್ತದೆ, ಲಕ್ಷದ ಒಂದನೆಯದೂ ಸೇರುತ್ತದೆ; ಎಲ್ಲೂ ದೋಷದ ಸೂಚನೆ ಬರುವುದಿಲ್ಲ. ಹೀಗೆ ಉಳಿದ ದಾಖಲೆ ಬರೀ ಪಠ್ಯವಲ್ಲ, ಅದು ತನ್ನ ಆರ್ಗ್ಯುಮೆಂಟ್‌ಗಳನ್ನೂ ಹಿಡಿದಿರುತ್ತದೆ. ಎಕ್ಸೆಪ್ಶನ್ ಜೊತೆ ಬರೆದ ದಾಖಲೆಯಾದರೆ ಟ್ರೇಸ್‌ಬ್ಯಾಕ್, ಅದರ ಮೂಲಕ ಫ್ರೇಮ್‌ಗಳು, ಅವುಗಳ ಮೂಲಕ ಆ ಫಂಕ್ಷನ್‌ಗಳ ಸ್ಥಳೀಯ ವೇರಿಯಬಲ್‌ಗಳೆಲ್ಲವೂ ಉಳಿಯುತ್ತವೆ. ಒಂದು ಸಾಲಿನ ದೋಷವರದಿ ದೊಡ್ಡದೊಂದು ಡೇಟಾಬೇಸ್ ಫಲಿತಾಂಶವನ್ನೇ ಮೆಮೊರಿಯಲ್ಲಿ ಕಟ್ಟಿಹಾಕಬಲ್ಲದು. ಲಾಗಿಂಗ್ ಸೋರಿಕೆಯಲ್ಲಿ ನಾನು ಅತ್ಯಂತ ಗಂಭೀರವೆಂದು ಭಾವಿಸುವುದು ಇದನ್ನೇ. ಇದೇ ಮಾಡ್ಯೂಲ್‌ನ ಕ್ಯೂಹ್ಯಾಂಡ್ಲರ್ ಹೀಗಲ್ಲ, ಅದು ದಾಖಲೆಯನ್ನು ಕ್ಯೂಗೆ ಸೇರಿಸುವ ಮುನ್ನ ಆರ್ಗ್ಯುಮೆಂಟ್‌ಗಳನ್ನು ಸಂದೇಶದಲ್ಲಿ ಬೆರೆಸಿ, ಎಕ್ಸೆಪ್ಶನ್ ಮಾಹಿತಿಯನ್ನು ಪಠ್ಯವಾಗಿಸಿ ಮೂಲವನ್ನು ಕೈಬಿಡುತ್ತದೆ. ಪಿಕಲ್ ಮಾಡಲು ಅನುಕೂಲವಾಗಲೆಂದು ಮಾಡಿದ ಈ ಏರ್ಪಾಡು ಮೆಮೊರಿಯ ದೃಷ್ಟಿಯಿಂದಲೂ ಒಳ್ಳೆಯದೇ.

ಹಾಗಾದರೆ ಅಳೆಯುವುದು ಹೇಗೆ? ಪ್ರಕ್ರಿಯೆಯ ಒಟ್ಟು ಮೆಮೊರಿಯನ್ನು ಆಪರೇಟಿಂಗ್ ಸಿಸ್ಟಮ್‌ನಿಂದ ಕೇಳಿ ತೀರ್ಪು ಕೊಡುವುದು ಸರಿಯಲ್ಲ. ಪೈಥಾನ್ 512 ಬೈಟ್‌ವರೆಗಿನ ವಸ್ತುಗಳಿಗೆ ತನ್ನದೇ ಹಂಚಿಕೆ ವ್ಯವಸ್ಥೆ ಬಳಸುತ್ತದೆ. ವಸ್ತು ಸತ್ತರೂ ಅದರ ಜಾಗ ತಕ್ಷಣ ಸಿಸ್ಟಮ್‌ಗೆ ಮರಳಬೇಕೆಂದಿಲ್ಲ. 2014ರಲ್ಲಿ 3.4ನೇ ಆವೃತ್ತಿಯೊಂದಿಗೆ ಬಂದ ಟ್ರೇಸ್‌ಮ್ಯಾಲಾಕ್ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ: ಯಾವ ಸಾಲಿನ ಕೋಡ್ ಎಷ್ಟು ಮೆಮೊರಿ ಪಡೆದು ಇನ್ನೂ ಬಿಟ್ಟಿಲ್ಲ ಎಂದು ಅದು ಹೇಳುತ್ತದೆ. ಮೊದಲ ಕೆಲವು ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಕ್ಯಾಶ್‌ಗಳು ತುಂಬುವುದು ಆಗಲೇ. ಸಿಪೈಥಾನ್‌ನ ಸ್ವಂತ ಪರೀಕ್ಷಾ ವ್ಯವಸ್ಥೆಯೂ ಸೋರಿಕೆ ಹುಡುಕುವಾಗ ಮೊದಲು ಕೆಲವು ಸುತ್ತು ಓಡಿಸಿ ಬಿಟ್ಟು, ಆಮೇಲಿನ ಸುತ್ತುಗಳಲ್ಲಿ ರೆಫರೆನ್ಸ್ ಎಣಿಕೆ ಏರುತ್ತದೆಯೇ ಎಂದು ನೋಡುತ್ತದೆ. 1,000 ಕರೆಗಳ ನಂತರವೂ 2,000 ಕರೆಗಳ ನಂತರವೂ ಅಳೆದು, ಏರಿಕೆ ಕರೆಗಳ ಸಂಖ್ಯೆಯೊಂದಿಗೇ ಇಮ್ಮಡಿಸಿದರೆ ಅದು ಸೋರಿಕೆ; ಒಂದು ಮಟ್ಟದಲ್ಲಿ ನಿಂತರೆ ಕ್ಯಾಶ್.

ಆದರೆ ಪ್ರತಿದಿನ ಓಡಿಸುವ ಪರೀಕ್ಷೆಗೆ ಬೈಟ್‌ಗಳ ಮಿತಿ ಹಾಕುವುದಕ್ಕಿಂತ ವೀಕ್‌ರೆಫ್ ಉತ್ತಮ. ಸಣ್ಣದೊಂದು ಕ್ಲಾಸಿನ ವಸ್ತು ಮಾಡಿ, ಅದಕ್ಕೆ ದುರ್ಬಲ ರೆಫರೆನ್ಸ್ ಇಟ್ಟುಕೊಂಡು, ವಸ್ತುವನ್ನು ಲಾಗ್ ಸಂದೇಶದ ಆರ್ಗ್ಯುಮೆಂಟ್ ಆಗಿ ಕಳಿಸಬೇಕು. ನಂತರ ನಮ್ಮ ರೆಫರೆನ್ಸ್ ಅಳಿಸಿ, ಗಾರ್ಬೇಜ್ ಕಲೆಕ್ಟರ್ ಓಡಿಸಿ, ವಸ್ತು ಇಲ್ಲವಾಯಿತೇ ಎಂದು ನೋಡಬೇಕು. ಉತ್ತರ ಹೌದು ಅಥವಾ ಇಲ್ಲ. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಅಂಕಿಯಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪೈಟೆಸ್ಟ್ ತಾನೇ ರೂಟ್ ಲಾಗರ್‌ಗೆ ಹ್ಯಾಂಡ್ಲರ್ ಸೇರಿಸಿ, ಪರೀಕ್ಷೆ ಮುಗಿಯುವವರೆಗೆ ದಾಖಲೆಗಳನ್ನು ಇಟ್ಟುಕೊಳ್ಳುತ್ತದೆ. ಹಾಗಾಗಿ ನಿರ್ದೋಷಿ ಲೈಬ್ರರಿಯೂ ಸೋರುವಂತೆ ಕಾಣುತ್ತದೆ. ಪರೀಕ್ಷೆಯ ಲಾಗರ್‌ನಲ್ಲಿ ಪ್ರೊಪಗೇಶನ್ ನಿಲ್ಲಿಸಬೇಕು, ಇಲ್ಲವೇ ಪೈಟೆಸ್ಟ್‌ನ ಲಾಗಿಂಗ್ ಪ್ಲಗಿನ್ನನ್ನೇ ಬಂದ್ ಮಾಡಬೇಕು. ಇನ್ನು, ಸೋರಿಕೆಯನ್ನು ಬೇಕೆಂದೇ ಹುಟ್ಟಿಸಿ ಪರೀಕ್ಷೆ ಅದನ್ನು ಹಿಡಿಯುತ್ತದೆಂದು ಖಾತ್ರಿಪಡಿಸಿಕೊಳ್ಳುವುದೂ ಬೇಕು. ಟಾರ್ಗೆಟ್ ಇಲ್ಲದ ಮೆಮೊರಿಹ್ಯಾಂಡ್ಲರ್ ಇದಕ್ಕೆ ಸಿದ್ಧ ಸಾಮಗ್ರಿ.

ಹೊಸ ಹ್ಯಾಂಡ್ಲರ್ ಬರೆಯುವವರು ಇಂಥ ಎರಡು ಪರೀಕ್ಷೆಗಳನ್ನು, ಸಾದಾ ಸಂದೇಶಕ್ಕೊಂದು, ಎಕ್ಸೆಪ್ಶನ್ ಸಂದೇಶಕ್ಕೊಂದು, ಅದೇ ಕಮಿಟ್‌ನಲ್ಲಿ ಸೇರಿಸಬೇಕೆಂದು ಕೋರುತ್ತೇನೆ.