1982ರ ಬೇಸಿಗೆ: ಮಕಾಡೆ ಮಲಗಿದ ಸಿನಿಮಾಗಳನ್ನ ಎಬ್ಬಿಸಿದ್ದು ಯಾರು?

(1/6)
ಶುಕ್ರವಾರ ಬೆಳಗಿನ ಶೋ ಇನ್ನೂ ಇಂಟರ್‌ವಲ್‌ಗೆ ಬಂದಿರಲ್ಲ, ಅಷ್ಟರಲ್ಲಿ ನಮ್ಮ ಕ್ಲಾಸ್ ಗ್ರೂಪಲ್ಲಿ ತೀರ್ಪು ಬಂದಿರುತ್ತೆ: "ಫ್ಲಾಪು ಗುರು, ದುಡ್ಡು ವೇಸ್ಟು." ಹೀಗೆ ತೀರ್ಪು ಕೊಡೋ ಎಲ್ಲರಿಗೂ 1982ರ ಜೂನ್ 25ರ ಕಥೆ ಹೇಳಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಅದೂ ಒಂದು ಶುಕ್ರವಾರವೇ. ಅಮೆರಿಕದಲ್ಲಿ ಅವತ್ತು ಒಂದೇ ದಿನ ಎರಡು ಸಿನಿಮಾ ರಿಲೀಸ್ ಆದವು: ರಿಡ್ಲಿ ಸ್ಕಾಟ್ ನಿರ್ದೇಶನದ 'ಬ್ಲೇಡ್ ರನ್ನರ್', ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್'. ಇವತ್ತು ಯಾವ ಫಿಲ್ಮ್ ಸ್ಕೂಲಿಗೆ ಹೋದರೂ ಈ ಎರಡರ ಹೆಸರು ಕೇಳುತ್ತೆ. ಅವತ್ತು ಎರಡೂ ಮಕಾಡೆ ಮಲಗಿದವು.

ಮೊದಲೇ ಒಂದು ಮಾತು. ಜೂನ್ ಅಂದ್ರೆ ನಮಗೆ ಮಳೆ, ಹೊಸ ನೋಟ್‌ಬುಕ್, ಕಾಲೇಜು ಶುರು. ಅಮೆರಿಕದವರಿಗೆ ಅದೇ ಬೇಸಿಗೆ, ಆಗಸ್ಟ್‌ವರೆಗೂ ಸ್ಕೂಲಿಗೆ ರಜೆ. 1975ರ ಜೂನ್ 20ಕ್ಕೆ ಸ್ಟೀವನ್ ಸ್ಪೀಲ್‌ಬರ್ಗ್‌ನ 'ಜಾಸ್' ಬಂತು ನೋಡಿ, ಅಲ್ಲಿಂದ ಹಾಲಿವುಡ್‌ಗೆ ಈ ರಜೆಯ ರುಚಿ ಹತ್ತಿತು. ನಮ್ಮಲ್ಲಿ ದಸರಾ, ಸಂಕ್ರಾಂತಿಗೆ ಥಿಯೇಟರಿಗಾಗಿ ಜಗಳ ಆಗುತ್ತಲ್ಲ, ಹಾಗೆ ಅವರಿಗೆ ಬೇಸಿಗೆ.

(2/6)
ಆ ವರ್ಷದ ಬೇಸಿಗೇಲಿ ಬಂದ ಸಿನಿಮಾಗಳ ಪಟ್ಟಿ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮೇ 14ಕ್ಕೆ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ 'ಕೋನನ್'. ಮೇ 21ಕ್ಕೆ 'ದಿ ರೋಡ್ ವಾರಿಯರ್'. ಇದು ಆಸ್ಟ್ರೇಲಿಯಾದ 'ಮ್ಯಾಡ್ ಮ್ಯಾಕ್ಸ್ 2', ಮೊದಲ ಭಾಗವನ್ನ ಅಮೆರಿಕದಲ್ಲಿ ಹೆಚ್ಚು ಜನ ನೋಡಿರಲಿಲ್ಲ ಅಂತ ಹೆಸರನ್ನೇ ಬದಲಾಯಿಸಿದ್ರು. ಇದರ ನಿರ್ದೇಶಕ ಜಾರ್ಜ್ ಮಿಲ್ಲರ್ ಓದಿದ್ದು ಡಾಕ್ಟರಿಕೆ, ಹೌದು! ಆಮೇಲೆ 'ರಾಕಿ 3'. ಜೂನ್ 4ಕ್ಕೆ 'ಪೋಲ್ಟರ್‌ಗೈಸ್ಟ್' ಮತ್ತು 'ಸ್ಟಾರ್ ಟ್ರೆಕ್ 2', ಎರಡೂ ಒಟ್ಟಿಗೆ.

ಇದರಲ್ಲಿ 'ಸ್ಟಾರ್ ಟ್ರೆಕ್ 2: ದಿ ವ್ರಾತ್ ಆಫ್ ಖಾನ್' ನನಗೆ ಬಲು ಇಷ್ಟ. ಸೀರೀಸ್ ನೋಡದೇ ಇದ್ರೂ ಅರ್ಥ ಆಗುತ್ತೆ. ಮೊದಲ ಭಾಗಕ್ಕೆ ದುಡ್ಡು ಸುರಿದಿದ್ದ ಕಂಪನಿ, ಇದನ್ನ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಖರ್ಚಲ್ಲಿ ಮುಗಿಸಿತು. ಆದ್ರೂ ಮೊದಲ ವಾರಾಂತ್ಯಕ್ಕೆ 1 ಕೋಟಿ 40 ಲಕ್ಷ ಡಾಲರ್ ದಾಟಿತು, ಆ ಕಾಲಕ್ಕೆ ಅದು ದಾಖಲೆ. ಸತ್ತ ಗ್ರಹವೊಂದು ಕಣ್ಣೆದುರೇ ಹಸಿರಾಗೋ ಒಂದು ನಿಮಿಷದ ದೃಶ್ಯ ಇದೆ ಇದರಲ್ಲಿ. ಅದಿಷ್ಟೂ ಕಂಪ್ಯೂಟರಲ್ಲೇ ಮಾಡಿದ್ದು. ಮಾಡಿದವರು ಲ್ಯೂಕಾಸ್‌ಫಿಲ್ಮ್‌ನ ಕಂಪ್ಯೂಟರ್ ತಂಡದವರು. ಅದೇ ತಂಡವೇ 1986ರಲ್ಲಿ ಬೇರೆಯಾಗಿ ಪಿಕ್ಸಾರ್ ಆಯ್ತು.

(3/6)
ಜೂನ್ 11. 'ಇ.ಟಿ.' ಬಂತು, ಬೇಸಿಗೆಯನ್ನೇ ನುಂಗಿಹಾಕಿತು.

ಸುಮಾರು 1 ಕೋಟಿ ಡಾಲರ್ ಖರ್ಚಿನ ಸಿನಿಮಾ ಅದು. ಹಾಕಿದ ದುಡ್ಡು ಮೊದಲ ವಾರಾಂತ್ಯದಲ್ಲೇ ವಾಪಸ್ ಬಂತು. ಸಾಮಾನ್ಯವಾಗಿ ಎರಡನೇ ವಾರ ಕಲೆಕ್ಷನ್ ಇಳೀಬೇಕು, ಇದರದ್ದು ಏರಿತು. ಥಿಯೇಟರುಗಳಲ್ಲಿ ವರ್ಷ ದಾಟಿ ಓಡಿತು. 'ಸ್ಟಾರ್ ವಾರ್ಸ್' ದಾಖಲೆ ಮುರೀತು, ಈ ದಾಖಲೆಯನ್ನ 1993ರಲ್ಲಿ 'ಜುರಾಸಿಕ್ ಪಾರ್ಕ್' ಬಂದು ಮುರಿಯೋವರೆಗೂ ಯಾರೂ ಮುಟ್ಟಲಿಲ್ಲ. ನಮ್ಮ ಸತ್ಯಜಿತ್ ರೇ 1967ರಲ್ಲೇ 'ದಿ ಏಲಿಯನ್' ಅನ್ನೋ ಸ್ಕ್ರಿಪ್ಟ್ ಬರೆದು ಹಾಲಿವುಡ್‌ಗೆ ಹೋಗಿದ್ರು, ಸಿನಿಮಾ ಆಗಲಿಲ್ಲ. ಹಳ್ಳಿ ಹುಡುಗನ ಜೊತೆ ಗೆಳೆತನ ಮಾಡೋ ಪುಟ್ಟ ಅನ್ಯಗ್ರಹ ಜೀವಿಯ ಕಥೆ ಅದು. ಇ.ಟಿ.ಗೂ ತನ್ನ ಸ್ಕ್ರಿಪ್ಟಿಗೂ ಹೋಲಿಕೆ ಇದೆ ಅಂತ ರೇ ಹೇಳಿದ್ರು, ಸ್ಪೀಲ್‌ಬರ್ಗ್ ಒಪ್ಪಲಿಲ್ಲ. ಅದರ ಬಗ್ಗೆಯೇ ಇನ್ನೊಂದು ದಿನ ಬರೀತೀನಿ, ಇಲ್ಲಿ ಜಾಗ ಸಾಲಲ್ಲ.

ಈಗ ನೀವೇ ಯೋಚನೆ ಮಾಡಿ. ಬೇರೆ ಲೋಕದಿಂದ ಬಂದ ಜೀವಿಯನ್ನ ಅಪ್ಪಿಕೊಂಡು ಇಡೀ ದೇಶ ಕಣ್ಣೀರು ಹಾಕ್ತಿದೆ. ಸರಿಯಾಗಿ ಎರಡು ವಾರಕ್ಕೆ ಕಾರ್ಪೆಂಟರ್ ಬಂದು, "ಬೇರೆ ಲೋಕದಿಂದ ಬಂದಿರೋದು ನಿಮ್ಮ ಪಕ್ಕದಲ್ಲಿರೋ ಗೆಳೆಯನ ರೂಪದಲ್ಲೇ ಇದೆ, ಅವನನ್ನ ನಂಬಬೇಡಿ" ಅನ್ನೋ ಸಿನಿಮಾ ತೋರಿಸ್ತಾನೆ. ಯಾರಿಗೆ ಬೇಕಿತ್ತು?

(4/6)
'ದಿ ಥಿಂಗ್' ನನ್ನ ಪಟ್ಟೀಲಿ ನಂಬರ್ 1, ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರ, ಅಲ್ಲಿ ಹನ್ನೆರಡು ಗಂಡಸರು, ಹೊರಗೆ ಹಿಮ. ಒಳಗೆ ಬಂದು ಸೇರ್ಕೊಂಡಿರೋ ಜೀವಿ ಯಾರನ್ನ ಬೇಕಾದ್ರೂ ನುಂಗಿ ಥೇಟ್ ಅವರ ಹಾಗೇ ಆಗಬಲ್ಲದು. ಯಾರು ಮನುಷ್ಯ, ಯಾರು ಅಲ್ಲ ಅಂತ ಪತ್ತೆ ಹಚ್ಚೋಕೆ ರಕ್ತ ಪರೀಕ್ಷೆ ಮಾಡೋ ದೃಶ್ಯ ಇದೆ ನೋಡಿ, ಕಾದ ತಂತಿ ಮುಟ್ಟಿಸಿ ಮಾಡೋದು, ನಾನು ನಾಲ್ಕು ಸಲ ನೋಡಿದ್ರೂ ಪ್ರತಿಸಲ ಉಸಿರು ಬಿಗಿ ಹಿಡಿದೇ ನೋಡಿದ್ದೀನಿ. ಕಂಪ್ಯೂಟರ್ ಗ್ರಾಫಿಕ್ಸ್ ಒಂದೂ ಕಾಣಲ್ಲ ಆ ಜೀವೀಲಿ. ರಬ್ಬರು, ಬಣ್ಣ, ಒಳಗಿಂದ ಎಳೆಯೋ ಕೇಬಲ್ಲು, ಅಷ್ಟೇ. ಅದನ್ನ ಮಾಡಿದ ರಾಬ್ ಬೋಟಿನ್‌ಗೆ ಆಗ ಇಪ್ಪತ್ತೆರಡರ ಆಸುಪಾಸು, ಅಂದ್ರೆ ನಮ್ಮ ಸೀನಿಯರ್‌ಗಳ ವಯಸ್ಸು. ರಜೆ ಇಲ್ಲದೆ ದುಡಿದು ದುಡಿದು ಕೊನೆಗೆ ಆಸ್ಪತ್ರೆ ಸೇರಿದ.

ಇಷ್ಟಕ್ಕೆ ಸಿಕ್ಕಿದ್ದೇನು? ಮೊದಲ ವಾರಾಂತ್ಯಕ್ಕೆ ಎಂಟನೇ ಸ್ಥಾನ. ಅಸಹ್ಯ, ವಾಂತಿ ಬರುತ್ತೆ ಅನ್ನೋ ಧಾಟಿಯ ವಿಮರ್ಶೆಗಳು. ಎನಿಯೋ ಮೊರಿಕೋನೆ ಸಂಗೀತಕ್ಕೆ ಆ ವರ್ಷದ 'ಅತಿ ಕೆಟ್ಟ ಸಂಗೀತ'ದ ರ‍್ಯಾಝಿ ನಾಮಿನೇಶನ್! ಮೊರಿಕೋನೆಗೆ! ಕಾರ್ಪೆಂಟರ್ ಕೈಯಲ್ಲಿದ್ದ ಮುಂದಿನ ಸಿನಿಮಾ 'ಫೈರ್‌ಸ್ಟಾರ್ಟರ್' ಕೂಡ ಕೈ ಬಿಟ್ಟು ಹೋಯ್ತು.

'ಬ್ಲೇಡ್ ರನ್ನರ್' ಪಾಡು ಸ್ವಲ್ಪ ಬೇರೆ. ಸುಮಾರು 3 ಕೋಟಿ ಡಾಲರ್ ಖರ್ಚು, ಮೊದಲ ವಾರಾಂತ್ಯಕ್ಕೆ ಬಂದಿದ್ದು 61 ಲಕ್ಷ. ರಿಲೀಸ್‌ಗೆ ಮೊದಲು ಜನಕ್ಕೆ ತೋರಿಸಿ ನೋಡಿದಾಗ ಅರ್ಥ ಆಗ್ಲಿಲ್ಲ ಅಂದ್ರು. ನಿರ್ಮಾಪಕರು ಗಾಬರಿಯಾಗಿ ಹ್ಯಾರಿಸನ್ ಫೋರ್ಡ್ ಹತ್ರ ಉದ್ದಕ್ಕೂ ವಿವರಣೆ ಓದಿಸಿದ್ರು, ಕೊನೆಗೆ ಹಸಿರು ಬೆಟ್ಟದ ನಡುವೆ ಕಾರಲ್ಲಿ ಹೋಗೋ ಸುಖಾಂತ್ಯ ಅಂಟಿಸಿದ್ರು. ಆ ಬೆಟ್ಟದ ಶಾಟ್‌ಗಳು ಸ್ಟ್ಯಾನ್ಲಿ ಕುಬ್ರಿಕ್‌ನ 'ದಿ ಶೈನಿಂಗ್' ಚಿತ್ರಕ್ಕೆ ತೆಗೆದು ಉಳಿದಿದ್ದವು. ಕಥೆಗೆ ಮೂಲವಾದ ಕಾದಂಬರಿ ಬರೆದ ಫಿಲಿಪ್ ಕೆ. ಡಿಕ್ ಮಾರ್ಚ್ 2ಕ್ಕೇ ತೀರಿಕೊಂಡಿದ್ರು. ತುಣುಕುಗಳನ್ನ ನೋಡಿ ಖುಷಿಪಟ್ಟಿದ್ರಂತೆ, ಪೂರ್ತಿ ಸಿನಿಮಾ ನೋಡೋಕೆ ಇರಲಿಲ್ಲ.

ಜುಲೈ 9ಕ್ಕೆ ಡಿಸ್ನಿಯ 'ಟ್ರಾನ್'. ನಿಜ ಹೇಳ್ತೀನಿ, ಕಥೆ ಬೋರು. ಆದ್ರೆ ಕಂಪ್ಯೂಟರ್ ಒಳಗಿನ ಲೋಕ ಅಂತ ತೋರಿಸಿರೋದು ಈಗಲೂ ಚೆಂದ. ಆಸ್ಕರ್‌ನ ವಿಷುವಲ್ ಎಫೆಕ್ಟ್ಸ್ ನಾಮಿನೇಶನ್ ಕೂಡ ಸಿಗಲಿಲ್ಲ ಅದಕ್ಕೆ. ಆಗ ಕಂಪ್ಯೂಟರ್ ಬಳಸೋದನ್ನ ಮೋಸ ಅಂದ್ಕೊಳ್ತಿದ್ರು ಅಂತ ನಿರ್ದೇಶಕ ಸ್ಟೀವನ್ ಲಿಸ್‌ಬರ್ಗರ್ ಆಮೇಲೆ ಹೇಳಿದ್ದಾರೆ.

(5/6)
ಈಗ ಅಸಲಿ ವಿಷಯ. ಇವು ಸತ್ತ ಮೇಲೆ ಬದುಕಿದ್ದು ಹೇಗೆ?

'ಒಳ್ಳೇ ಸಿನಿಮಾ ತಾನಾಗೇ ಗೆಲ್ಲುತ್ತೆ' ಅಂತ ಎಲ್ಲರೂ ಕಾಮೆಂಟ್ ಹಾಕ್ತಾರೆ. ನಾನು ಒಪ್ಪಲ್ಲ. ತಾನಾಗೇ ಯಾವುದೂ ಗೆಲ್ಲಲ್ಲ, ಮತ್ತೆ ನೋಡೋಕೆ ಒಂದು ದಾರಿ ಬೇಕು. ಆಗಿನ ಕಾಲದಲ್ಲಿ ಥಿಯೇಟರಿಂದ ಎತ್ತಿದ್ರೆ ಸಿನಿಮಾ ಮುಗೀತು, ಮರುಬಿಡುಗಡೆಗೋ ಟಿವಿಗೋ ಕಾಯಬೇಕಿತ್ತು. ಇವಕ್ಕೆ ದಾರಿ ಮಾಡಿದ್ದು ಕೇಬಲ್ ಟಿವಿ ಮತ್ತು ವಿಸಿಆರ್, ಅಂದ್ರೆ ಮನೇಲಿ ಕ್ಯಾಸೆಟ್ ಹಾಕೋ ಪೆಟ್ಟಿಗೆ. ಅಪ್ಪ ಅಮ್ಮನ್ನ ಕೇಳಿ, ಬಾಡಿಗೆಗೆ ಕ್ಯಾಸೆಟ್ ತಂದು ಇಡೀ ಬೀದಿ ಕೂತು ನೋಡ್ತಿದ್ದ ಕಥೆ ನಮ್ಮೂರುಗಳಲ್ಲೂ ಇದೆ.

ಆದ್ರೆ ಆ ಪೆಟ್ಟಿಗೆಯನ್ನೇ ಮುಗಿಸೋಕೆ ಹೊರಟಿದ್ದು ಯಾರು ಗೊತ್ತಾ? ಯೂನಿವರ್ಸಲ್ ಮತ್ತು ಡಿಸ್ನಿ. 'ದಿ ಥಿಂಗ್' ಯೂನಿವರ್ಸಲ್‌ದು, 'ಟ್ರಾನ್' ಡಿಸ್ನಿದು! ಟಿವಿಯಲ್ಲಿ ಬರೋ ಸಿನಿಮಾವನ್ನ ಜನ ಮನೇಲಿ ರೆಕಾರ್ಡ್ ಮಾಡ್ಕೊಳ್ಳೋದು ಕಳ್ಳತನ, ಅದಕ್ಕೆ ಮೆಷಿನ್ ಮಾರೋ ಸೋನಿಯೇ ಹೊಣೆ ಅಂತ 1976ರಲ್ಲಿ ಇಬ್ಬರೂ ಕೇಸ್ ಹಾಕಿದ್ರು. 1981ರ ಅಕ್ಟೋಬರಲ್ಲಿ ಮೇಲ್ಮನವಿ ಕೋರ್ಟು ಇವರ ಕಡೆಗೇ ತೀರ್ಪು ಕೊಟ್ಟಿತು. ಅಂದ್ರೆ 1982ರ ಆ ಬೇಸಿಗೆ ಪೂರ್ತಿ, ಕಾನೂನಿನ ಕಣ್ಣಲ್ಲಿ ವಿಸಿಆರ್ ಕುತ್ತಿಗೆ ಮೇಲೆ ಕತ್ತಿ ತೂಗ್ತಿತ್ತು. ಅದೇ ಏಪ್ರಿಲಲ್ಲಿ ಹಾಲಿವುಡ್ ಕಂಪನಿಗಳ ಸಂಘದ ಅಧ್ಯಕ್ಷ ಜ್ಯಾಕ್ ವ್ಯಾಲೆಂಟಿ ಅಮೆರಿಕದ ಸಂಸತ್ ಸಮಿತಿ ಮುಂದೆ ಕೂತು, ಒಂಟಿ ಹೆಂಗಸಿಗೆ ಸರಣಿ ಹಂತಕ ಹೇಗೋ ಸಿನಿಮಾದವರಿಗೆ ವಿಸಿಆರ್ ಹಾಗೆ ಅಂತ ಹೋಲಿಸಿದ್ರು.

1984ರ ಜನವರಿ 17ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಸೋನಿ ಗೆದ್ದಿತು, ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಂದೇ ಒಂದು ಮತ ಆಚೀಚೆ ಆಗಿದ್ರೆ ಏನಾಗ್ತಿತ್ತೋ! ದಶಕ ಮುಗಿಯೋ ಹೊತ್ತಿಗೆ ಅಮೆರಿಕದ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ವಿಸಿಆರ್ ಇತ್ತು. 'ದಿ ಥಿಂಗ್' ಆ ಮನೆಗಳಿಗೆ ನುಗ್ಗಿತು, ಅದರ ಕಥೆಯ ಜೀವಿ ಹಾಗೇ, ಸದ್ದಿಲ್ಲದೆ. ಥಿಯೇಟರಲ್ಲಿ ಅಸಹ್ಯ ಅನ್ನಿಸಿದ್ದ ದೃಶ್ಯಗಳನ್ನ ಹುಡುಗರು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಹೇಗೆ ಮಾಡಿದ್ರಪ್ಪಾ ಅಂತ ನೋಡೋಕೆ ಶುರು ಮಾಡಿದ್ರು. ಆ ಕೇಸಲ್ಲಿ ತಾನೇ ಗೆದ್ದಿದ್ರೆ ಯೂನಿವರ್ಸಲ್ ತನ್ನ ಒಳ್ಳೇ ಸಿನಿಮಾವನ್ನ ತಾನೇ ಹೂತಹಾಗೆ ಆಗ್ತಿತ್ತು ಅನ್ನೋದು ನನ್ನ ಲೆಕ್ಕ.

ಇನ್ನು ಯೂನಿವರ್ಸಲ್‌ದೇ ಆದ 'ಇ.ಟಿ.'? ಅದು ಕ್ಯಾಸೆಟ್ಟಾಗಿ ಬಂದಿದ್ದು 1988ರ ಅಕ್ಟೋಬರಲ್ಲಿ, ಆರು ವರ್ಷ ಕಾಯಿಸಿ. ನಕಲಿ ಕ್ಯಾಸೆಟ್ ಬೇರೆ ಗುರುತು ಸಿಗಲಿ ಅಂತ ಹಸಿರು ಬಣ್ಣದ ಮುಚ್ಚಳ ಹಾಕಿದ್ರು.

(6/6)
'ಬ್ಲೇಡ್ ರನ್ನರ್'ಗೆ ಇನ್ನೊಂದು ಅದೃಷ್ಟವೂ ಕೂಡಿಬಂತು. 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಥಿಯೇಟರಿಗೆ ಮಾಮೂಲಿ ಪ್ರಿಂಟ್ ಬದಲು ಹಳೇ ಕರಡು ಪ್ರಿಂಟ್ ಬಂದ್ಬಿಟ್ಟಿತು. ಆ ಉದ್ದದ ವಿವರಣೆ ಇಲ್ಲ, ಅಂಟಿಸಿದ ಸುಖಾಂತ್ಯವೂ ಇಲ್ಲ. ನೋಡಿದವರು ಇದೇ ಚೆನ್ನಾಗಿದೆ ಅಂತ ಗಲಾಟೆ ಎಬ್ಬಿಸಿದ್ರು. 1992ರಲ್ಲಿ ಡೈರೆಕ್ಟರ್ಸ್ ಕಟ್ ಬಂತು, ಮರುವರ್ಷ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿ ಅದನ್ನ ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. 2007ರಲ್ಲಿ ರಿಡ್ಲಿ ಸ್ಕಾಟ್ ಪೂರ್ತಿ ತನ್ನಿಷ್ಟದಂತೆ ಮಾಡಿದ ಫೈನಲ್ ಕಟ್.

ನೋಡೋರಿಗೆ ನನ್ನ ಕಡೆಯಿಂದ ಇಷ್ಟು: 'ಬ್ಲೇಡ್ ರನ್ನರ್' ಆದ್ರೆ ಫೈನಲ್ ಕಟ್ಟೇ ನೋಡಿ, ಫೋನಲ್ಲಿ ಬೇಡ, ಯಾರ ಮನೇಲಾದ್ರೂ ದೊಡ್ಡ ಟಿವಿ ಹುಡುಕಿ. 'ಇ.ಟಿ.'ಗೆ ತಮ್ಮ ತಂಗೀನೂ ಕೂರಿಸ್ಕೊಳ್ಳಿ. 'ಟ್ರಾನ್' ಬೈಕ್ ರೇಸ್ ಬರೋವರೆಗೂ ತಾಳ್ಮೆ ಇರಲಿ. 'ದಿ ಥಿಂಗ್' ಮಾತ್ರ ಊಟ ಆಗಿ ಒಂದು ಗಂಟೆ ಬಿಟ್ಟು ನೋಡಿ. ಕೊನೇ ದೃಶ್ಯದಲ್ಲಿ ಹಿಮದಲ್ಲಿ ಕೂತಿರೋ ಇಬ್ಬರಲ್ಲಿ ಯಾರು ಮನುಷ್ಯ ಅಂತ ಕಾಮೆಂಟಲ್ಲಿ ಹೇಳಿ, ಜಗಳ ಆಡೋಕೆ ನಾನು ರೆಡಿ.