ಕರಿಯ ಸ್ವಿಚ್ಚಿನ ಚರಿತ್ರೆ



ಕಳೆದ ವಾರ ನನ್ನ ಮಗಳು ಬೆಂಗಳೂರಿನಿಂದ ದೂರವಾಣಿ ಮಾಡಿ, "ಅಪ್ಪ, ನಡುಮನೆಯ ಗೋಡೆಗೆ ತಿಳಿಹಸಿರು ಬಳಿಸಿದ್ದೇವೆ. ಬಿಳಿಯ ಸ್ವಿಚ್ ಬೋರ್ಡುಗಳು ಕಣ್ಣಿಗೆ ಹೊಡೆಯುತ್ತವೆ. ಅವಕ್ಕೂ ಅದೇ ಬಣ್ಣ ಹಚ್ಚಬಹುದೇ?" ಎಂದು ಕೇಳಿದಳು. ಚರಿತ್ರೆಯ ಮೇಷ್ಟರನ್ನು ಏನು ಕೇಳಿದರೂ ಉತ್ತರ ನೂರು ವರ್ಷ ಹಿಂದಿನಿಂದ ಆರಂಭವಾಗುತ್ತದೆಂಬುದು ನಿಮಗೆಲ್ಲ ತಿಳಿದದ್ದೇ!

1964ರಲ್ಲಿ ನಮ್ಮ ತಂದೆಯವರು ಮನೆ ಕಟ್ಟಿಸಿದಾಗ ಸುಣ್ಣದ ಗೋಡೆಯ ಮೇಲೆ ಮರದ ಹಲಗೆ, ಅದರ ಮೇಲೆ ಕರಿಯ ಬೇಕಲೈಟ್ ಸ್ವಿಚ್ಚುಗಳು ಬಂದವು. ಅವು ಕಪ್ಪಾಗಿದ್ದುದು ಯಾರ ಅಭಿರುಚಿಯಿಂದಲೂ ಅಲ್ಲ, ರಸಾಯನಶಾಸ್ತ್ರದ ಕಾರಣದಿಂದ.

ವಿದ್ಯುತ್ತಿನ ಆರಂಭಕಾಲದಲ್ಲಿ ವಿದ್ಯುತ್ ನಿರೋಧಕವಾಗಿ ಅರಗನ್ನು ಬಳಸುತ್ತಿದ್ದರು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ, ಹೊಳಪು ಕೊಡುವ ಅರಗೇ ಅದು. ಮರದ ರೆಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಈ ರಾಳವು ಭಾರತದಿಂದ ಹೇರಳವಾಗಿ ಹೊರದೇಶಗಳಿಗೆ ಹೋಗುತ್ತಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಹೀಗೆ ಲೋಕದೆಲ್ಲೆಡೆ ವಿದ್ಯುತ್ತು ಹಬ್ಬಿದಂತೆ ಅರಗಿನ ಬೇಡಿಕೆಯೂ ಏರಿತು. ಆದರೆ ಕೀಟಗಳಿಗೆ ಅವಸರವೆಂಬುದಿಲ್ಲವಷ್ಟೆ.

ಬೆಲ್ಜಿಯಂ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೋ ಬೇಕಲಾಂಡ್ ಎಂಬ ವಿಜ್ಞಾನಿ ಅರಗಿಗೆ ಬದಲಿ ವಸ್ತುವನ್ನು ಹುಡುಕುತ್ತ, 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಬೇಕಲೈಟನ್ನು ತಯಾರಿಸಿದರು. 1909ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಸಂಪೂರ್ಣ ಕೃತಕವಾದ ಮೊದಲ ಪ್ಲಾಸ್ಟಿಕ್ ಇದೇ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು, ವಿದ್ಯುತ್ತನ್ನು ಹಾಯಗೊಡದು. ಆದರೆ ಅದರ ರಾಳವು ಬೆಳಕಿಗೆ ಕಂದುತ್ತಿತ್ತು. ಗಟ್ಟಿತನಕ್ಕಾಗಿ ಮರದ ಪುಡಿಯನ್ನೂ ಬೆರೆಸುತ್ತಿದ್ದರು. ಆದಕಾರಣ ಕಪ್ಪು, ಕಂದುಗಳಂತಹ ಗಾಢ ಬಣ್ಣಗಳೇ ಅದಕ್ಕೆ ಗತಿ. ತಿಳಿಬಣ್ಣಗಳನ್ನು ತಾಳಬಲ್ಲ ಯೂರಿಯಾ ಪ್ಲಾಸ್ಟಿಕ್ 1920ರ ದಶಕದಲ್ಲಿ ಬಂದಿತಾದರೂ ನಮ್ಮ ಮನೆಯಲ್ಲಿ ಕಪ್ಪೇ ಉಳಿದಿತ್ತು.

ಆ ಕಪ್ಪು ನನಗೂ ಸಹಿಸದಾಯಿತು. 1998ರಲ್ಲಿ ಮಗಳ ಮದುವೆಗೆಂದು ಮನೆಗೆಲ್ಲ ಕೆನೆಬಣ್ಣ ಬಳಿಸಿದಾಗ, "ಸ್ವಿಚ್ಚಿಗೂ ಒಂದು ಕೈ ಎಳೆದುಬಿಡಪ್ಪ" ಎಂದು ಬಣ್ಣದವನಿಗೆ ನಾನೇ ಹೇಳಿದೆ. ಗೋಡೆಯಾವುದು, ಸ್ವಿಚ್ಚಾವುದು ತಿಳಿಯದಷ್ಟು ಚೆನ್ನಾಗಿ ಹೊಂದಿತು. ನೆಂಟರೆಲ್ಲ ಮೆಚ್ಚಿದರು.

ಅಮ್ಮನಿಗೆ ಆಗ ಕಣ್ಣಿಗೆ ಪೊರೆ ಬಂದಿತ್ತು. ಮದುವೆಯಾದ ಮೂರನೆಯ ರಾತ್ರಿ ಬಚ್ಚಲಿಗೆಂದು ಎದ್ದವಳು ಗೋಡೆ ತಡವುತ್ತ ಹೋಗಿ, ಹೊಸಿಲು ಎಡವಿ ಬಿದ್ದು ಮುಂಗೈ ಮುರಿದುಕೊಂಡಳು. "ಮೂವತ್ತು ವರ್ಷದಿಂದ ಆ ಕರೀ ಮಚ್ಚೆ ನೋಡ್ಕೊಂಡೇ ಹೋಗ್ತಿದ್ದೆ ಕಣೋ. ಅದೆಲ್ಲಿ ಹೋಯ್ತು?" ಎಂದಳು. ನಾನು ಉತ್ತರ ಕೊಡಲಿಲ್ಲ. ಬೆಳಗಾದ ಮೇಲೆ ಮೈನ್ ಆರಿಸಿ, ಉಗುರಿನಿಂದ, ಬ್ಲೇಡಿನಿಂದ ಬಣ್ಣ ಕೆರೆದೆ. ನುಣುಪಾದ ಬೇಕಲೈಟಿಗೆ ಗೋಡೆಯ ಬಣ್ಣ ಕಚ್ಚಿರಲೇ ಇಲ್ಲ, ಸಿಪ್ಪೆಯಂತೆ ಕಿತ್ತುಬಂದಿತು.

ಅಮ್ಮನ ಕೈ ಕೂಡಿತಾದರೂ ಅವಳು ಮತ್ತೆಂದೂ ರಾತ್ರಿ ಒಬ್ಬಳೇ ಏಳಲು ಧೈರ್ಯ ಮಾಡಲಿಲ್ಲ.

ಇದನ್ನೆಲ್ಲ ಹೇಳಿ ಮಗಳಿಗೆ ಕೊನೆಗೆ ಇಷ್ಟು ತಿಳಿಸಿದೆ: "ಹಚ್ಚಬಹುದಮ್ಮ. ಮೈನ್ ಆರಿಸಿ, ಮೇಲಿನ ಚೌಕಟ್ಟನ್ನು ಮಾತ್ರ ಬಿಚ್ಚಿಸು. ಸೋಪಿನ ನೀರಿನಲ್ಲಿ ಜಿಡ್ಡು ತೊಳೆದು, ಚೆನ್ನಾಗಿ ಒಣಗಿಸಿ, ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ಆಮೇಲೆ ಪ್ಲಾಸ್ಟಿಕ್ಕಿಗೆಂದೇ ದೊರೆಯುವ ಪ್ರೈಮರ್, ಅದರ ಮೇಲೆ ತೆಳುವಾಗಿ ಎರಡು ಸಲ ಬಣ್ಣ. ಲೋಹದ ಪುಡಿಯುಳ್ಳ ಬಣ್ಣ ಮಾತ್ರ ಬೇಡ. ಒತ್ತುವ ಗುಂಡಿಗಳು ಬಿಳಿಯಾಗಿಯೇ ಇರಲಿ. ನಿಮ್ಮ ಅತ್ತೆಯವರಿಗೂ ವಯಸ್ಸಾಯಿತು."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಜ್ಜಿ ಬಿದ್ದದ್ದು ತನ್ನ ಮದುವೆಯ ಬಣ್ಣದಿಂದ ಎಂಬುದು ಅವಳಿಗೆ ಇಷ್ಟು ವರ್ಷವೂ ತಿಳಿದಿರಲಿಲ್ಲ.