ವಿಯೆನ್ನಾದ ಎರಡು ಹೆರಿಗೆ ವಿಭಾಗಗಳು

ರೋಗ ವಾಸಿಯಾಗಲೆಂದು ಆಸ್ಪತ್ರೆಗೆ ಹೋಗುತ್ತೇವೆ. ಆಸ್ಪತ್ರೆಯಲ್ಲೇ ರೋಗ ಅಂಟಿಕೊಂಡರೆ? 19ನೆಯ ಶತಮಾನದಲ್ಲಿ ವಿಯೆನ್ನಾದ ಗರ್ಭಿಣಿಯರನ್ನು ಕಾಡುತ್ತಿದ್ದ ಭಯ ಇದೇ. ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದು ವೈದ್ಯಕೀಯ ವಿದ್ಯಾರ್ಥಿಗಳ ತರಬೇತಿಗೆ, ಎರಡನೆಯದು ಸೂಲಗಿತ್ತಿಯರ ತರಬೇತಿಗೆ. ಯಾವ ವಿಭಾಗಕ್ಕೆ ಸೇರಿಸುವರೆಂಬುದು ಗರ್ಭಿಣಿ ಬಂದ ದಿನವನ್ನು ಅವಲಂಬಿಸಿತ್ತು. ಮೊದಲನೆಯದು ಬೇಡವೆಂದು ಹೆಂಗಸರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು. ಕಾರಣ, ಸೂತಿಕಾ ಜ್ವರ. ಅಂದರೆ ಬಾಣಂತಿ ನಂಜು.

1846ರ ಲೆಕ್ಕ ನೋಡಿ. ಮೊದಲನೆಯ ವಿಭಾಗದಲ್ಲಿ 4010 ಹೆರಿಗೆಗಳಿಗೆ 459 ಸಾವು (ಶೇ. 11.4). ಎರಡನೆಯದರಲ್ಲಿ 3754ಕ್ಕೆ 105 (ಶೇ. 2.8). ಒಂದೇ ಆಸ್ಪತ್ರೆಯಲ್ಲಿ ಇಷ್ಟು ಅಂತರವೇಕೆ?

ಕಾರಣದ ಹುಡುಕಾಟ

ಆ ವರ್ಷ ಮೊದಲನೆಯ ವಿಭಾಗದಲ್ಲಿ ಸಹಾಯಕ ವೈದ್ಯನಾಗಿ ಸೇರಿದ ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್ ಈ ಪ್ರಶ್ನೆಯನ್ನು ಕೈಬಿಡಲಿಲ್ಲ. ಕೆಟ್ಟ ಗಾಳಿ ಕಾರಣವೆಂದು ಹಲವರು ನಂಬಿದ್ದರು. ಆದರೆ ಎರಡೂ ಕಡೆ ಗಾಳಿ ಒಂದೇ. ಜನಸಂದಣಿಯೋ ಎಂದರೆ, ಎರಡನೆಯ ವಿಭಾಗದಲ್ಲೇ ಹೆಚ್ಚು. ಹೆರಿಗೆಯ ಭಂಗಿಯನ್ನು ಬದಲಿಸಿ ನೋಡಿದ, ಪ್ರಯೋಜನವಾಗಲಿಲ್ಲ.

1847ರ ಮಾರ್ಚ್‌ನಲ್ಲಿ ಸುಳಿವು ಸಿಕ್ಕಿತು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗಲಿ ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ಅವರ ಬೆರಳಿಗೆ ಗಾಯವಾಯಿತು. ಅವರು ನಂಜೇರಿ ತೀರಿಕೊಂಡರು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಸತ್ತ ಬಾಣಂತಿಯರಲ್ಲಿ ಕಂಡವೇ! ಮೊದಲನೆಯ ವಿಭಾಗದ ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. ಹಾಗಾದರೆ ವಿಷವನ್ನು ಹೊತ್ತು ತರುತ್ತಿದ್ದುದು ವೈದ್ಯರ ಕೈಗಳೇ.

ಚಲುವೆ ಪುಡಿಯ ಬೋಗುಣಿ

ಸಾಬೂನಿನಿಂದ ತೊಳೆದರೂ ಕೈಗಳಿಂದ ಶವದ ವಾಸನೆ ಹೋಗುತ್ತಿರಲಿಲ್ಲ. ಅದನ್ನು ಹೋಗಲಾಡಿಸುವ ಕ್ಲೋರಿನ್ ದ್ರಾವಣದಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಸೆಮ್ಮೆಲ್‌ವೈಸ್ ಮೇ ತಿಂಗಳಲ್ಲಿ ನಿಯಮ ಮಾಡಿದ. ಅದು ದುಬಾರಿಯೆಂದು ಮುಂದೆ ಚಲುವೆ ಪುಡಿ, ಅಂದರೆ ನಮ್ಮ ಬ್ಲೀಚಿಂಗ್ ಪೌಡರ್ ಬಳಸಿದ. ಏಪ್ರಿಲ್‌ನಲ್ಲಿ ಶೇ. 18.3 ಇದ್ದ ಸಾವು ಜೂನ್‌ನಲ್ಲಿ ಶೇ. 2.2ಕ್ಕೆ ಇಳಿಯಿತು.

ಅಕ್ಟೋಬರ್‌ನಲ್ಲಿ ಇನ್ನೊಂದು ಪಾಠ ಕಾದಿತ್ತು. ಗರ್ಭಕೋಶದ ಕ್ಯಾನ್ಸರ್‌ನಿಂದ ಕೊಳೆತ ಸ್ರಾವವಿದ್ದ ಹೆಂಗಸನ್ನು ಪರೀಕ್ಷಿಸಿದ ವೈದ್ಯರು, ನಡುವೆ ಕ್ಲೋರಿನ್ ಬಳಸದೆ ಉಳಿದವರನ್ನೂ ಪರೀಕ್ಷಿಸಿದರು. ಆಗ ಹೆತ್ತ 12 ಮಂದಿಯಲ್ಲಿ 11 ಮಂದಿ ಸತ್ತರು. ವಿಷ ಶವದಿಂದ ಮಾತ್ರವಲ್ಲ, ಜೀವಂತ ರೋಗಿಯಿಂದಲೂ ಹರಡುತ್ತದೆ ಎಂದಾಯಿತು. ಅಂದಿನಿಂದ ಪ್ರತಿ ರೋಗಿಯ ನಂತರವೂ ಕೈ ತೊಳೆಯುವುದು ಕಡ್ಡಾಯವಾಯಿತು. 1848ರಲ್ಲಿ ಮೊದಲನೆಯ ವಿಭಾಗದ 3556 ಹೆರಿಗೆಗಳಲ್ಲಿ 45 ಸಾವು, ಎರಡನೆಯದರ 3319ರಲ್ಲಿ 43, ಎರಡೂ ಶೇ. 1.3. ಅಂತರವೇ ಅಳಿಸಿಹೋಯಿತು.

ಒಪ್ಪದ ವೈದ್ಯಲೋಕ

ಇಷ್ಟಾದರೂ ಬಹುಪಾಲು ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಗಳೇ ಸಾವು ತಂದವೆಂಬ ಮಾತು ಕಹಿಯಾಗಿತ್ತು. ಕೊಳೆತ ದ್ರವ್ಯದ ಕಣಗಳೇ ಕಾರಣವೆಂದು ಸೆಮ್ಮೆಲ್‌ವೈಸ್ ಭಾವಿಸಿದ್ದನೇ ಹೊರತು ಸೂಕ್ಷ್ಮಜೀವಿಗಳ ಪಾತ್ರ ಅವನಿಗೂ ತಿಳಿದಿರಲಿಲ್ಲ. ತನ್ನ ಗ್ರಂಥವನ್ನು ಪ್ರಕಟಿಸಿದ್ದೂ ತಡವಾಗಿ, 1861ರಲ್ಲಿ. 1865ರ ಆಗಸ್ಟ್ 13ರಂದು ವಿಯೆನ್ನಾದ ಮಾನಸಿಕ ಆಸ್ಪತ್ರೆಯಲ್ಲಿ, ಗಾಯ ನಂಜೇರಿ ಆತ ಮರಣಹೊಂದಿದ. ಹಿಂದಿನ ದಿನವಷ್ಟೇ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್, ಪಾಶ್ಚರ್‌ರ ವಿಚಾರಗಳನ್ನು ಆಧರಿಸಿ, ಕಾಲು ಮುರಿದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದರು.

ಇಂದಿನ ನಿಯಮಗಳಲ್ಲಿ ಈ ಚರಿತ್ರೆ

ನೀವು ನರ್ಸಿಂಗ್ ಅಥವಾ ವೈದ್ಯಕೀಯ ಓದುವವರಾದರೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಐದು ಸಂದರ್ಭಗಳನ್ನು ಕಲಿಯುತ್ತೀರಿ: ರೋಗಿಯನ್ನು ಮುಟ್ಟುವ ಮುನ್ನ, ಸೋಂಕುರಹಿತವಾಗಿ ಮಾಡಬೇಕಾದ ಕೆಲಸದ ಮುನ್ನ, ದೇಹದ್ರವ ತಗಲುವ ಸಂಭವವಿದ್ದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲ ವಸ್ತುಗಳನ್ನು ಮುಟ್ಟಿದ ನಂತರ. ಕೈಗವಸು ತೊಟ್ಟರೂ ಇವು ತಪ್ಪುವುದಿಲ್ಲ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದೆನ್ನುವಾಗ ಕೊಲೆಚ್ಕಾ ಅವರ ಬೆರಳನ್ನು ನೆನೆಯಿರಿ. ಸೋಂಕು ಆರೈಕೆ ಮಾಡುವವರನ್ನೂ ಬಿಡುವುದಿಲ್ಲ.

ಶಿಕ್ಷಕರು 1846 ಮತ್ತು 1848ರ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಶೇಕಡಾವಾರು ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. ಸೂಕ್ಷ್ಮದರ್ಶಕ ತೋರಿಸುವ ಮೊದಲೇ ಸತ್ಯವನ್ನು ತೋರಿಸಿದ್ದು ಈ ಲೆಕ್ಕ.